ಶಾಲೆಯ ದಾರಿಯಲ್ಲೂ ಪಂಕ್ತಿಭೇದ: ಜರ್ಮನಿಯ ಮಕ್ಕಳ ನಡಿಗೆ, ಸೈಕಲ್ಲು ಮತ್ತು ಆರೋಗ್ಯ

ಆಗಸ್ಟ್, ಸೆಪ್ಟೆಂಬರ್ ಬಂತು ಅಂದ್ರೆ ಜರ್ಮನಿಯ ಬೀದಿಗಳಲ್ಲಿ ಹಳದಿ ಟೋಪಿಗಳು ಕಾಣಿಸಿಕೊಳ್ಳುತ್ತವೆ. ಒಂದನೇ ಕ್ಲಾಸಿಗೆ ಹೊಸದಾಗಿ ಸೇರಿದ ಆರು ವರ್ಷದ ಮಕ್ಕಳು, ಬೆನ್ನ ಮೇಲೆ ತಮ್ಮಷ್ಟೇ ಅಗಲದ ಬ್ಯಾಗು ಹೊತ್ತು, ಇಬ್ಬರು ಮೂವರ ಗುಂಪು ಕಟ್ಟಿಕೊಂಡು, ದೊಡ್ಡವರ್ಯಾರೂ ಜೊತೆಗಿಲ್ಲದೆ ನಡೆದು ಹೋಗ್ತಿರುತ್ತವೆ. ಊರಿಂದ ಹೊಸದಾಗಿ ಬಂದ ನಮಗೆಲ್ಲ ಮೊದಲ ವರ್ಷ ಇದೊಂದು ಆಶ್ಚರ್ಯ. "ಇಷ್ಟು ಚಿಕ್ಕ ಮಕ್ಕಳನ್ನ ಒಂಟಿಯಾಗಿ ಬಿಟ್ಟುಬಿಡ್ತಾರೆ ಇಲ್ಲಿ" ಅಂತ ಮನೆಗೆ ಫೋನ್ ಮಾಡಿ ಹೇಳದವರು ನಮ್ಮಲ್ಲಿ ಕಡಿಮೆ.

ಸಾರ್ವಜನಿಕ ಆರೋಗ್ಯದ ಪಠ್ಯಗಳಲ್ಲಿ ಇದಕ್ಕೆ 'ಸಕ್ರಿಯ ಪ್ರಯಾಣ' ಅಂತ ಹೆಸರು. ಸ್ವಂತ ಮೈಬಲದಿಂದ, ಅಂದರೆ ನಡೆದು, ಸೈಕಲ್ ತುಳಿದು, ಕಾಲಿನಿಂದ ತಳ್ಳುವ ಪುಟ್ಟ ಸ್ಕೂಟರ್ ಓಡಿಸಿಕೊಂಡು ಹೋಗುವುದು. ನಮ್ಮಲ್ಲಿ ಸಾರಿಗೆ ಓದುವವರಿದ್ದಾರೆ, ನಗರ ಯೋಜನೆ ಓದುವವರಿದ್ದಾರೆ, ವೈದ್ಯಕೀಯದವರಿದ್ದಾರೆ. ಥೀಸಿಸ್‌ಗೆ ವಿಷಯ ಸಿಗದೆ ತಲೆ ಕೆರೆದುಕೊಳ್ಳುತ್ತಿರುವವರಂತೂ ಇದ್ದೇ ಇದ್ದಾರೆ. ಹಾಗಾಗಿ ಈ ಪ್ರಶ್ನೆ ಎತ್ತಿಕೊಂಡಿದ್ದೀವಿ: ಶಾಲೆಗೆ ನಡೆದು ಹೋಗುವುದರಿಂದ ಬರುವ ಆರೋಗ್ಯ ಎಲ್ಲ ಮಕ್ಕಳ ಪಾಲಿಗೂ ಒಂದೇ ರೀತಿ ಬರುತ್ತಾ?

ಮೊದಲು ಪದಗಳನ್ನು ಸರಿ ಮಾಡಿಕೊಳ್ಳೋಣ. ಆರೋಗ್ಯದಲ್ಲಿ ಜನರ ನಡುವೆ ವ್ಯತ್ಯಾಸ ಇದ್ದೇ ಇರುತ್ತದೆ. ಎಪ್ಪತ್ತರ ಅಜ್ಜನ ಮಂಡಿಗೂ ಇಪ್ಪತ್ತರ ಮೊಮ್ಮಗನ ಮಂಡಿಗೂ ವ್ಯತ್ಯಾಸವಿದೆ ಅಂದ್ರೆ ಅದು ಅನ್ಯಾಯ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗಕ್ಕಾಗಿ ಮಾರ್ಗರೆಟ್ ವೈಟ್‌ಹೆಡ್ 1990ರಲ್ಲಿ ಬರೆದ ಒಂದು ಪುಟ್ಟ ಹೊತ್ತಿಗೆ ಈ ಗೆರೆಯನ್ನು ಚೆನ್ನಾಗಿ ಎಳೆಯಿತು: ತಪ್ಪಿಸಬಹುದಾದ, ಅನಗತ್ಯವಾದ, ನ್ಯಾಯವಲ್ಲದ ವ್ಯತ್ಯಾಸ ಯಾವುದೋ ಅದನ್ನು ಮಾತ್ರ ಅಸಮತೆ ಅನ್ನಬೇಕು. ನಮ್ಮ ಭಾಷೆಯಲ್ಲಿ ಇದಕ್ಕೆ ಹೊಸ ಪದ ಹುಡುಕುವ ಅಗತ್ಯವೇ ಇಲ್ಲ, ಪಂಕ್ತಿಭೇದ ಅಂತ ಒಂದು ಮಾತು ಇದೆಯಲ್ಲ. ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬ ಎರಡು ಹೋಳಿಗೆ ಸಾಕು ಅಂದರೆ ಅದು ಅವನ ಹಸಿವು. ಸಾಲಿನ ಕೊನೆಯವನಿಗೆ ಹೋಳಿಗೆಯೇ ಬರಲಿಲ್ಲ ಅಂದರೆ ಅದು ಬಡಿಸುವವರ ತಪ್ಪು. ಶಾಲೆಯ ದಾರಿಯ ವಿಷಯದಲ್ಲಿ ನಾವು ಕೇಳಬೇಕಾದ್ದೂ ಇಷ್ಟೇ. ಮಗು ನಡೆಯಲಿಲ್ಲ ಅಂದರೆ ಅದು ಹಸಿವಿಲ್ಲದ್ದಕ್ಕೋ, ಬಡಿಸದೆ ಇದ್ದುದಕ್ಕೋ?

ಅರ್ಧ ಗಂಟೆಯ ಬೆಲೆ

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈಬಗ್ಗಿಸಿ ಓಡಾಡಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜರ್ಮನಿಯ ಮಕ್ಕಳಲ್ಲಿ ಎಷ್ಟು ಜನ ಇದನ್ನು ಮುಟ್ಟುತ್ತಾರೆ? ಬರ್ಲಿನ್ನಿನ ರಾಬರ್ಟ್ ಕೋಖ್ ಸಂಸ್ಥೆ 'ಕಿಗ್ಸ್' ಎಂಬ ದೊಡ್ಡ ಮಕ್ಕಳ ಆರೋಗ್ಯ ಸಮೀಕ್ಷೆ ನಡೆಸುತ್ತದೆ. 2014ರಿಂದ 2017ರ ಸುತ್ತಿನಲ್ಲಿ 3ರಿಂದ 17 ವರ್ಷದ ಹುಡುಗಿಯರಲ್ಲಿ ಶೇ. 22.4, ಹುಡುಗರಲ್ಲಿ ಶೇ. 29.4 ಮಂದಿ ಮಾತ್ರ ಈ ಮಟ್ಟ ಮುಟ್ಟಿದ್ದರು. ಫುಟ್‌ಬಾಲ್ ದೇಶದ ಲೆಕ್ಕ ಇದು!

ಈಗ ಒಂದು ಸಣ್ಣ ಗಣಿತ. ಶಾಲೆ ಒಂದು ಕಿಲೋಮೀಟರ್ ದೂರ ಇದೆ ಅಂದುಕೊಳ್ಳಿ. ಆರೇಳು ವರ್ಷದ ಮಗು ಕಲ್ಲು ಒದ್ದುಕೊಂಡು, ಬೆಕ್ಕು ಮಾತಾಡಿಸಿಕೊಂಡು ಹೋದರೆ ಹದಿನೈದು ನಿಮಿಷ. ಹೋಗಿ ಬಂದರೆ ಅರ್ಧ ಗಂಟೆ. ದಿನದ ಬೇಕಾದ್ದರಲ್ಲಿ ಅರ್ಧ ಪಾಲು ಮುಗಿದೇ ಹೋಯ್ತು, ಕ್ಲಬ್ಬಿನ ಫೀಸಿಲ್ಲ, ಜೆರ್ಸಿ ಇಲ್ಲ, ಅಪ್ಪ ಅಮ್ಮ ಸಂಜೆ ಐದಕ್ಕೆ ಕೆಲಸ ಬಿಟ್ಟು ಓಡಿ ಬರಬೇಕಿಲ್ಲ. ದುಡ್ಡಿನ ಹಂಗಿಲ್ಲದ ವ್ಯಾಯಾಮ ಅಂದರೆ ಇದೇ. ಅದೇ ಕಿಗ್ಸ್ ಸಮೀಕ್ಷೆಯಲ್ಲಿ ಇನ್ನೊಂದು ವಿಷಯವೂ ಇದೆ: ಆದಾಯ, ಓದು, ಉದ್ಯೋಗ ಸೇರಿಸಿ ನೋಡಿದಾಗ ಕೆಳಸ್ತರದ ಮನೆಗಳ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅತಿತೂಕ, ಮೇಲಿನ ಸ್ತರದಲ್ಲಿ ಹತ್ತರಲ್ಲಿ ಒಬ್ಬರಿಗೂ ಇಲ್ಲ. ಕ್ಲಬ್ಬಿಗೆ ಸೇರಲಾಗದ ಮಗುವಿಗೆ ಶಾಲೆಯ ದಾರಿಯೇ ಆಟದ ಮೈದಾನ ಆಗಬೇಕಿತ್ತು.

ಆಗುತ್ತಿದೆಯಾ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1990ರಲ್ಲಿ ಮೇಯರ್ ಹಿಲ್‌ಮನ್, ಜಾನ್ ಆಡಮ್ಸ್, ಜಾನ್ ವೈಟ್‌ಲೆಗ್ ಎಂಬ ಮೂವರು ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿಯ ಶಾಲಾ ಮಕ್ಕಳನ್ನು ಹೋಲಿಸಿದ ಅಧ್ಯಯನ ಪ್ರಕಟಿಸಿದರು. ಈ ವಿಷಯ ಓದುವವರು ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಅದೇ ಅಂತ ನಮ್ಮ ಅಭಿಪ್ರಾಯ. ಇಂಗ್ಲೆಂಡಿನ ಏಳೆಂಟು ವರ್ಷದ ಮಕ್ಕಳಲ್ಲಿ 1971ರಲ್ಲಿ ಶೇ. 80 ಮಂದಿ ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ಕ್ಕೆ ಅದು ಶೇ. 9! ಜರ್ಮನಿಯ ಮಕ್ಕಳಿಗೆ ಆಗಲೂ ಬಹಳ ಹೆಚ್ಚಿನ ಸ್ವಾತಂತ್ರ್ಯ ಇತ್ತು. 2010ರಲ್ಲಿ ಮತ್ತೆ ಅಳೆದಾಗಲೂ ಶಾಲೆಯಿಂದ ಒಬ್ಬರೇ ಮನೆಗೆ ಬರಲು ಅನುಮತಿ ಇರುವ ಪ್ರಾಥಮಿಕ ಶಾಲೆಯ ಮಕ್ಕಳು ಇಂಗ್ಲೆಂಡಿನಲ್ಲಿ ನಾಲ್ವರಲ್ಲಿ ಒಬ್ಬರು, ಜರ್ಮನಿಯಲ್ಲಿ ನಾಲ್ವರಲ್ಲಿ ಮೂವರು. ನಮ್ಮ ಮೊದಲ ವರ್ಷದ ಆಶ್ಚರ್ಯಕ್ಕೆ ಹೀಗೆ ಅಂಕಿ ಅಂಶದ ಆಧಾರವೂ ಉಂಟು.

ಹಿಲ್‌ಮನ್ ಅವರ ನಿಜವಾದ ಮಾತು ಬೇರೆ ಇತ್ತು. ಆ ಎರಡು ದಶಕಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸಾಯುವ ಮಕ್ಕಳ ಸಂಖ್ಯೆ ಬಹಳ ಇಳಿದಿತ್ತು, ಸರ್ಕಾರ ಅದನ್ನು ಸುರಕ್ಷತೆಯ ಗೆಲುವು ಅಂದಿತು. ಇವರು ಕೇಳಿದ್ದು: ರಸ್ತೆ ಸುರಕ್ಷಿತವಾಗಿದ್ದರಿಂದ ಸಾವು ಇಳೀತೋ, ಮಕ್ಕಳನ್ನೇ ರಸ್ತೆಯಿಂದ ಎತ್ತಿ ಒಳಗಿಟ್ಟಿದ್ದರಿಂದ ಇಳೀತೋ? ಜರ್ಮನಿಗೂ ಈ ಪ್ರಶ್ನೆ ಹಾಕಬಹುದು. 1970ರಲ್ಲಿ ಪಶ್ಚಿಮ ಜರ್ಮನಿ ಒಂದರಲ್ಲೇ 15 ವರ್ಷದೊಳಗಿನ 2000ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತಿದ್ದರು. ಈಗ ಇಡೀ ಜರ್ಮನಿಯಲ್ಲಿ ವರ್ಷಕ್ಕೆ 50ರ ಆಸುಪಾಸು. ಇದು ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆಯ ಗೇಟಿನ ಮುಂದೆ ಬೆಳಿಗ್ಗೆ ಏಳೂವರೆಗೆ ಸಾಲುಗಟ್ಟುವ ಕಾರುಗಳೂ ಆ ಲೆಕ್ಕದ ಒಂದು ಭಾಗ. ಜರ್ಮನ್ನರು ಇವಕ್ಕೆ 'ಎಲ್ಟರ್ನ್‌ಟಾಕ್ಸಿ' ಅಂತಾರೆ, ಅಪ್ಪ ಅಮ್ಮನ ಟ್ಯಾಕ್ಸಿ. ದಾರಿ ಅಪಾಯ ಅಂತ ಕಾರಲ್ಲಿ ಬಿಡೋದು, ಬಿಡುವ ಕಾರುಗಳಿಂದಲೇ ದಾರಿ ಇನ್ನಷ್ಟು ಅಪಾಯ ಆಗೋದು. ಕಾರಿಲ್ಲದ ಮನೆಯ ಮಗು ಅದೇ ಕಾರುಗಳ ನಡುವೆ ದಾಟಬೇಕು.

ಯಾರು ನಡೀತಾರೆ ಅನ್ನೋದು ಅರ್ಧ ಲೆಕ್ಕ

ಇಲ್ಲಿಂದ ವಿಷಯ ಸ್ವಲ್ಪ ಸಿಕ್ಕುಸಿಕ್ಕು. ಬಡ ಮಕ್ಕಳು ಕಡಿಮೆ ನಡೀತಾರೆ, ಅವರನ್ನ ನಡೆಸಬೇಕು ಅಂತ ನಾವು ಸುಲಭವಾಗಿ ಅಂದುಕೊಂಡುಬಿಡ್ತೀವಿ. ಶಾಲೆಯ ದಾರಿಯ ಮಟ್ಟಿಗೆ ಅದು ಹಾಗಿರಬೇಕಿಲ್ಲ. ಕಾರಿಲ್ಲದ ಮನೆಗಳು ಕಡಿಮೆ ಆದಾಯದವರಲ್ಲೇ ಹೆಚ್ಚು. ಆ ಮನೆಯ ಮಕ್ಕಳು ನಡೆಯಲೇಬೇಕು, ಮಳೆ ಇರಲಿ, ಮೈನಸ್ ಐದು ಡಿಗ್ರಿ ಇರಲಿ. ಎಷ್ಟು ಮಕ್ಕಳು ನಡೆಯುತ್ತಾರೆ ಅಂತ ಎಣಿಸುತ್ತಾ ಕೂತರೆ ಬಡ ಬಡಾವಣೆಯೇ ಮೊದಲ ಸ್ಥಾನಕ್ಕೆ ಬಂದು, ಎಲ್ಲ ಸರಿಯಾಗಿದೆ ಅಂತ ಅನಿಸಿಬಿಡಬಹುದು.

ಆದರೆ ಯಾವ ದಾರಿಯಲ್ಲಿ? ಬಾಡಿಗೆ ಎಲ್ಲಿ ಕಡಿಮೆ ಅಂತ ನಮಗೆ ವಿದ್ಯಾರ್ಥಿಗಳಿಗೆ ಚೆನ್ನಾಗಿಯೇ ಗೊತ್ತು: ನಾಲ್ಕು ಸಾಲಿನ ಮುಖ್ಯರಸ್ತೆಗೆ ಮುಖ ಮಾಡಿದ ಕಿಟಕಿ, ರೈಲ್ವೆ ಹಳಿಯ ಪಕ್ಕದ ಬ್ಲಾಕು. ನಮಗೆ ಅದು ಎರಡು ವರ್ಷದ ಮಾತು, ಆ ಮಕ್ಕಳಿಗೆ ಬಾಲ್ಯವೇ ಅದು. ಬರ್ಲಿನ್ ನಗರಾಡಳಿತ ಇದನ್ನು ನಕ್ಷೆಯಾಗಿಯೇ ಬಿಡಿಸಿಟ್ಟಿದೆ. ಗಾಳಿಯ ಮಾಲಿನ್ಯ, ಸದ್ದು, ಬಿಸಿ, ಹಸಿರಿನ ಕೊರತೆ, ಜೊತೆಗೆ ಜನರ ಸಾಮಾಜಿಕ ಸ್ಥಿತಿ ಹೀಗೆ ಐದು ಪದರಗಳನ್ನು ಒಂದರ ಮೇಲೊಂದು ಇಟ್ಟು ನೋಡುವ 'ಪರಿಸರ ನ್ಯಾಯದ ಅಟ್ಲಾಸ್' ಅದು. ಆನ್‌ಲೈನಿನಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ನಗರದ ಒಳಭಾಗದ ಕೆಲವು ತಾಣಗಳಲ್ಲಿ ಹಲವು ಹೊರೆಗಳು ಒಂದೇ ಜನರ ತಲೆಯ ಮೇಲೆ ಕೂತಿರುವುದು ಬಣ್ಣದಲ್ಲೇ ಕಾಣುತ್ತದೆ.

ಪರಿಣಾಮ ಎಷ್ಟು ಕ್ರೂರ ಆಗಬಹುದು ಅನ್ನೋದಕ್ಕೆ ಇಂಗ್ಲೆಂಡ್ ಮತ್ತು ವೇಲ್ಸಿನ ಒಂದು ಲೆಕ್ಕ ಸಾಕು. 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದ ಪ್ರಕಾರ, ತಂದೆ ತಾಯಿಗೆ ದೀರ್ಘಕಾಲದಿಂದ ಕೆಲಸವೇ ಇಲ್ಲದ ಮನೆಗಳ ಮಕ್ಕಳು ಪಾದಚಾರಿಗಳಾಗಿ ರಸ್ತೆಯಲ್ಲಿ ಸಾಯುವ ದರ, ಉನ್ನತ ಹುದ್ದೆಯವರ ಮಕ್ಕಳಿಗಿಂತ 20 ಪಟ್ಟಿಗೂ ಹೆಚ್ಚು. ಇಪ್ಪತ್ತು ಪಟ್ಟು! ಎರಡೂ ಗುಂಪಿನ ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡುವುದು ಎಡಕ್ಕೆ ನೋಡು, ಬಲಕ್ಕೆ ನೋಡು ಅನ್ನುವ ಅದೇ ಪಾಠ. ವ್ಯತ್ಯಾಸ ಇರೋದು ಮಗುವಿನ ಜಾಣತನದಲ್ಲಿ ಅಂತ ಈ ಅಂಕಿ ನೋಡಿದ ಮೇಲೂ ಹೇಳೋದು ಕಷ್ಟ. ಎಷ್ಟು ರಸ್ತೆ ದಾಟಬೇಕು, ಆ ರಸ್ತೆಯಲ್ಲಿ ಕಾರು ಎಷ್ಟು ವೇಗ, ನಿಲ್ಲಲು ಜಾಗ ಇದೆಯಾ, ಜೊತೆಗೆ ಬರಲು ಮನೆಯಲ್ಲಿ ಬಿಡುವಿರುವ ಒಬ್ಬರಿದ್ದಾರಾ, ಅಲ್ಲಿದೆ ವ್ಯತ್ಯಾಸ.

ಹಾಗಾಗಿ ನಡಿಗೆಯ ಶೇಕಡಾವಾರು ಜೊತೆಗೆ ಇನ್ನೆರಡು ಪ್ರಶ್ನೆ ಕೇಳದೆ ಅಳತೆ ಪೂರ್ತಿಯಾಗಲ್ಲ. ಆ ನಡಿಗೆ ಆಯ್ಕೆಯೋ, ಗತಿಯಿಲ್ಲದ್ದೋ? ನಡೆದ ದಾರಿ ಮಗುವಿಗೆ ಆರೋಗ್ಯ ಕೊಟ್ಟಿತೋ, ಕಿತ್ತುಕೊಂಡಿತೋ?

ಕಾನೂನು ಎಲ್ಲಿವರೆಗೆ ಜೊತೆಗೆ ಬರುತ್ತೆ

ಜರ್ಮನಿಯಲ್ಲಿ ಒಳ್ಳೆಯ ವ್ಯವಸ್ಥೆಗಳು ಸಾಕಷ್ಟಿವೆ, ಅವನ್ನು ಹೇಳದೆ ಹೋದರೆ ತಪ್ಪಾಗುತ್ತದೆ. 1953ರಿಂದ ಶಾಲಾ ಮಕ್ಕಳೇ ಚಿಕ್ಕವರನ್ನು ರಸ್ತೆ ದಾಟಿಸುವ 'ಶೂಲರ್‌ಲೋಟ್ಸೆ' ಪದ್ಧತಿ ಇದೆ. ಎಂಟು ವರ್ಷ ತುಂಬುವವರೆಗೆ ಮಕ್ಕಳು ಫುಟ್‌ಪಾತಿನ ಮೇಲೆಯೇ ಸೈಕಲ್ ಓಡಿಸಬೇಕು, ಹತ್ತರವರೆಗೆ ಓಡಿಸಬಹುದು. 2016ರ ಕೊನೆಯಿಂದ ಎಂಟರೊಳಗಿನ ಮಗುವಿನ ಜೊತೆ ಹದಿನಾರು ದಾಟಿದ ಒಬ್ಬರೂ ಫುಟ್‌ಪಾತ್ ಮೇಲೆ ಸೈಕಲ್ಲಲ್ಲಿ ಹೋಗಬಹುದು. ನಮಗೆ ಬಹಳ ಇಷ್ಟವಾದದ್ದು ವಿಮೆ. 1971ರ ಏಪ್ರಿಲ್ 1ರಿಂದ ಶಾಲೆಗೆ, ಕಿಂಡರ್‌ಗಾರ್ಟನ್‌ಗೆ ಹೋಗುವ ಮಕ್ಕಳೆಲ್ಲ ಶಾಸನಬದ್ಧ ಅಪಘಾತ ವಿಮೆಯಡಿ ಬರ್ತಾರೆ, ತರಗತಿಯ ಒಳಗೆ ಮಾತ್ರ ಅಲ್ಲ, ಮನೆಯಿಂದ ಶಾಲೆಗೆ ಹೋಗಿ ಬರುವ ದಾರಿಯಲ್ಲೂ. ಅರ್ಜಿ ಹಾಕುವ ಹಾಗಿಲ್ಲ, ಕಂತು ಕಟ್ಟುವ ಹಾಗಿಲ್ಲ, ಅಪ್ಪನ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುವ ಹಾಗೂ ಇಲ್ಲ. ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿದ ಬಡಿಸುವಿಕೆ ಅಂದರೆ ಇದು. (ಅಂದಹಾಗೆ, ಅದೇ ಕಾನೂನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಲೆಕ್ಚರ್‌ಗೆ ಹೋಗುವ ದಾರಿಯಲ್ಲಿ ಸೈಕಲ್ ಜಾರಿ ಬಿದ್ದರೆ ಡಾಕ್ಟರ ಹತ್ತಿರ ದಾರಿಯಲ್ಲಾದ ಅಪಘಾತ ಅಂತ ಮರೆಯದೆ ಹೇಳಿ.)

ಇನ್ನು ವೇಗದ ವಿಷಯ. ಇಲ್ಲಿ ಡ್ರೈವಿಂಗ್ ಲೈಸೆನ್ಸಿಗೆ ಓದಿದವರಿಗೆ ಆ ಸೂತ್ರ ಬಾಯಿಪಾಠ ಇರುತ್ತೆ. ಗಂಟೆಗೆ 30 ಕಿ.ಮೀ. ವೇಗದ ಕಾರು ಚಾಲಕ ಗಮನಿಸಿ, ಬ್ರೇಕ್ ಒತ್ತಿ ನಿಲ್ಲುವ ಹೊತ್ತಿಗೆ 18 ಮೀಟರ್ ಹೋಗಿರುತ್ತೆ. 50ರ ವೇಗದಲ್ಲಿ 40 ಮೀಟರ್. 50ರ ಕಾರಿಗೆ ಚಾಲಕ ಎಚ್ಚೆತ್ತುಕೊಳ್ಳುವ ಮೊದಲೇ 15 ಮೀಟರ್ ಕಳೆದಿರುತ್ತೆ. ಅಂದರೆ 30ರ ಕಾರು ಪೂರ್ತಿ ನಿಂತ ಜಾಗದಲ್ಲಿ 50ರ ಕಾರು ಆಗಷ್ಟೇ ಬ್ರೇಕ್ ಹಾಕೋಕೆ ಶುರು ಮಾಡಿರುತ್ತೆ. ನಡುವೆ ಚೆಂಡಿನ ಹಿಂದೆ ಓಡಿದ ಮಗು ಇದೆ ಅಂದುಕೊಳ್ಳಿ. ಶಾಲೆಯ ದಾರಿಯ ಚರ್ಚೆಯೆಲ್ಲ ಕೊನೆಗೆ ಈ ಇಪ್ಪತ್ತೆರಡು ಮೀಟರಿನ ಮೇಲೆ ಬಂದು ನಿಲ್ಲುತ್ತದೆ.

ಹಾಗಾದರೆ ಎಲ್ಲ ಕಡೆ 30 ಹಾಕಿಬಿಡಬಹುದಲ್ವಾ? ಜರ್ಮನಿಯ ರಸ್ತೆ ಕಾನೂನು ಬಹಳ ಕಾಲ ಅದಕ್ಕೆ ಬಿಡಲಿಲ್ಲ. ಮುಖ್ಯರಸ್ತೆಯಲ್ಲಿ ವೇಗ ಇಳಿಸಬೇಕಾದರೆ ಅಲ್ಲಿ ವಿಶೇಷ ಅಪಾಯ ಇದೆ ಅಂತ ತೋರಿಸಬೇಕಿತ್ತು. 2016ರ ಡಿಸೆಂಬರಿನ ತಿದ್ದುಪಡಿ ಶಾಲೆ, ಕಿಂಡರ್‌ಗಾರ್ಟನ್, ಆಸ್ಪತ್ರೆಗಳ ಎದುರಿಗೆ ಈ ಷರತ್ತನ್ನು ತೆಗೆಯಿತು. ಆದರೆ ಆಡಳಿತ ನಿಯಮದಲ್ಲಿ ಒಂದು ಮಾತು ಸೇರಿಕೊಂಡಿತು: ಒಟ್ಟು ಹೆಚ್ಚೆಂದರೆ 300 ಮೀಟರ್ ಉದ್ದಕ್ಕೆ. ಮಗುವಿನ ಮನೆ ಇರೋದು 900 ಮೀಟರ್ ಆಚೆಗೆ! 2024ರ ಅಕ್ಟೋಬರಿನ ತಿದ್ದುಪಡಿಯಲ್ಲಿ ಮಕ್ಕಳು ಹೆಚ್ಚಾಗಿ ಓಡಾಡುವ ಶಾಲಾ ದಾರಿಗಳಿಗೂ, ಆಟದ ಮೈದಾನಗಳ ಎದುರಿಗೂ ಟೆಂಪೋ 30 ಹಾಕುವುದು ಸುಲಭವಾಯಿತು. ಶಾಲೆಯ ಗೇಟಿನಿಂದ ಕಾನೂನು ಮನೆಯ ಕಡೆಗೆ ಸ್ವಲ್ಪ ನಡೆದು ಬಂದಿದೆ ಅನ್ನಬಹುದು.

ಸುಲಭವಾಯಿತು ಅಂದರೂ ಯಾರಾದರೂ ಕೇಳಬೇಕು. ನಮಗೆ ಮುಖ್ಯ ಅನ್ನಿಸುವ ಪಂಕ್ತಿಭೇದ ಇಲ್ಲೇ ಇರುವುದು. ಅರ್ಜಿ ಬರೆಯೋರು, ಸಂಜೆ ಪೋಷಕರ ಸಭೆಗೆ ಹೋಗೋರು, ನಗರಸಭೆಯ ಯಾವ ಕಚೇರಿಗೆ ಯಾವ ಕಾಗದ ಅಂತ ಗೊತ್ತಿರೋರು ಯಾರು? ಎರಡು ಪಾಳಿಯಲ್ಲಿ ದುಡಿಯುವ, ಜರ್ಮನ್ ಇನ್ನೂ ಬಿ1 ಮುಟ್ಟದ ಅಮ್ಮ ಅಲ್ಲ. ದೂರು ಬಂದ ಕಡೆ ರಸ್ತೆ ಸರಿಹೋಗುತ್ತೆ ಅನ್ನುವ ಪದ್ಧತಿಯಲ್ಲಿ, ದೂರು ಕೊಡಲು ಬಾರದವರ ರಸ್ತೆ ಹಾಗೇ ಉಳಿಯುತ್ತೆ. ಶಾಲೆ ಶುರುವಾಗುವ, ಬಿಡುವ ಹೊತ್ತಿಗೆ ಬೀದಿಗೆ ಕಾರು ಬರದಂತೆ ಅಡ್ಡಗಟ್ಟೆ ಇಡುವ 'ಶಾಲಾ ಬೀದಿ'ಯ ಕಥೆಯೂ ಹೀಗೇ. ಇಟಲಿಯ ಬೊಲ್ಜಾನೊ ಇದನ್ನು 1980ರ ದಶಕದ ಕೊನೆಯಲ್ಲೇ ಮಾಡಿತು, ವಿಯೆನ್ನಾ 2018ರಲ್ಲಿ, ಕಲೋನ್ 2023ರಲ್ಲಿ ಪ್ರಯೋಗವಾಗಿ. 2024ರ ಜನವರಿಯಲ್ಲಿ ನಾರ್ತ್ ರೈನ್ ವೆಸ್ಟ್‌ಫಾಲಿಯಾ ಸರ್ಕಾರ ಸುತ್ತೋಲೆ ಹೊರಡಿಸಿ ನಗರಗಳಿಗೆ ದಾರಿ ತೆರೆಯಿತು. ಒಳ್ಳೆಯ ಕೆಲಸ. ಆದರೆ ಅಡ್ಡಗಟ್ಟೆಯನ್ನು ದಿನಾ ಬೆಳಿಗ್ಗೆ ಎತ್ತಿಡಲು ಸ್ವಯಂಸೇವಕ ಪೋಷಕರು ಬೇಕು ಅನ್ನೋ ಕಡೆ, ಬಿಡುವಿಲ್ಲದ ಪೋಷಕರ ಶಾಲೆ ಸಾಲಿನ ಕೊನೆಗೆ ಹೋಗುತ್ತೆ.

ದೂರದ ಲೆಕ್ಕವನ್ನೂ ನೋಡಿ. ನಾರ್ತ್ ರೈನ್ ವೆಸ್ಟ್‌ಫಾಲಿಯಾದಲ್ಲಿ ಪ್ರಾಥಮಿಕ ಶಾಲೆಯ ಮಗುವಿನ ದಾರಿ 2 ಕಿ.ಮೀ.ಗಿಂತ ಹೆಚ್ಚಿದ್ದರೆ ಪ್ರಯಾಣದ ಖರ್ಚು ಸಿಗುತ್ತೆ. ಬವೇರಿಯಾದಲ್ಲೂ ನಾಲ್ಕನೇ ಕ್ಲಾಸಿನವರೆಗೆ 2 ಕಿ.ಮೀ., ಐದರಿಂದ 3 ಕಿ.ಮೀ. ದಾರಿ ವಿಶೇಷವಾಗಿ ಅಪಾಯಕಾರಿ ಆಗಿದ್ದರೆ ದೂರದ ಮಿತಿ ಇಲ್ಲದೆಯೂ ಸಿಗಬಹುದು. ಕೇಳೋಕೆ ನ್ಯಾಯವೇ. ಆದರೆ ಅಪಾಯದ ರಸ್ತೆಗೆ ಪರಿಹಾರ ಏನಾಯ್ತು ಅಂದರೆ ಮಗುವನ್ನು ಬಸ್ಸಿಗೆ ಹತ್ತಿಸೋದು. ರಸ್ತೆ ಹಾಗೇ ಇರತ್ತೆ, ಮಗುವಿನ ಆ ಅರ್ಧ ಗಂಟೆ ಹೋಗತ್ತೆ. ಹಿಲ್‌ಮನ್ ಹೇಳಿದ್ದು ಇದನ್ನೇ ಅಲ್ವಾ.

2024ರ ಆಗಸ್ಟಿನಿಂದ ಶುರುವಾದ 'ಸ್ಟಾರ್ಟ್‌ಶಾನ್ಸೆನ್' ಯೋಜನೆಯಲ್ಲಿ ಕೇಂದ್ರ, ರಾಜ್ಯ ಸೇರಿ ಹತ್ತು ವರ್ಷದಲ್ಲಿ 20 ಶತಕೋಟಿ ಯೂರೋ ಹಣವನ್ನು ಹಿಂದುಳಿದ ಹಿನ್ನೆಲೆಯ ಮಕ್ಕಳು ಹೆಚ್ಚಿರುವ ಸುಮಾರು 4000 ಶಾಲೆಗಳಿಗೆ ಹಾಕುತ್ತಿವೆ. ಕಟ್ಟಡ, ಕಲಿಕೆಗೆ ನೆರವು, ಸಿಬ್ಬಂದಿ. ಯಾವ ಶಾಲೆಗೆ ಹೆಚ್ಚು ಬೇಕು ಅಂತ ಗುರುತಿಸಿ ಅಲ್ಲಿಗೇ ಹೆಚ್ಚು ಬಡಿಸುವ ಯೋಚನೆ ಇದು. ನಮಗೆ ಇರುವ ತಕರಾರು ಒಂದೇ, ಅದೂ ಶಾಲೆಯ ಕಾಂಪೌಂಡಿನ ಒಳಗೇ ನಿಂತುಬಿಡುತ್ತದೆ. ಅದೇ ಪಟ್ಟಿಯನ್ನು ಹಿಡಿದು ನಗರದ ರಸ್ತೆ ಇಲಾಖೆ ಮೊದಲ ಜೀಬ್ರಾ ಕ್ರಾಸಿಂಗ್ ಎಲ್ಲಿ ಹಾಕಬೇಕು ಅಂತ ತೀರ್ಮಾನಿಸಿದರೆ ಹೇಗಿರುತ್ತೆ?

ಸೈಕಲ್ಲು ಮತ್ತು ನಮ್ಮವರು

ನಾಲ್ಕನೇ ಕ್ಲಾಸಿನಲ್ಲಿ ಇಲ್ಲಿನ ಮಕ್ಕಳಿಗೆಲ್ಲ ಸೈಕಲ್ ಪರೀಕ್ಷೆ ಇರುತ್ತದೆ. ಪೊಲೀಸರು ಬಂದು ಕಲಿಸ್ತಾರೆ, ಕೈ ತೋರಿಸಿ ಎಡಕ್ಕೆ ತಿರುಗೋದು, ಯಾರಿಗೆ ಮೊದಲ ಹಕ್ಕು ಅನ್ನೋದು, ಎಲ್ಲ. ಇದು ಬರೀ ಆಟ ಅಲ್ಲ. ಐದನೇ ಕ್ಲಾಸಿಗೆ ಮಕ್ಕಳು ಬೇರೆ ಬೇರೆ ಶಾಲೆಗಳಿಗೆ ಹಂಚಿಹೋಗ್ತಾರೆ, ದೂರ ಹೆಚ್ಚುತ್ತೆ, ನಡಿಗೆ ಮುಗಿದು ಸೈಕಲ್ ಶುರುವಾಗೋ ಕಾಲ ಅದು. (ಬರ್ಲಿನ್, ಬ್ರಾಂಡನ್‌ಬರ್ಗ್‌ನಲ್ಲಿ ಪ್ರಾಥಮಿಕ ಶಾಲೆ ಆರನೇ ಕ್ಲಾಸಿನವರೆಗೆ.)

ಈ ಪರೀಕ್ಷೆಗೆ ಬರುವ ಹೊತ್ತಿಗೆ ಹೆಚ್ಚಿನ ಜರ್ಮನ್ ಮಕ್ಕಳು ಆರೇಳು ವರ್ಷ ಸೈಕಲ್ ಓಡಿಸಿರ್ತಾರೆ. ಎರಡು ವರ್ಷಕ್ಕೇ ಪೆಡಲ್ ಇಲ್ಲದ ಪುಟ್ಟ ಗಾಡಿಯಿಂದ ಶುರು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಸುತ್ತ ಓಡಿಸಿ ಬಂದ ಎಂಟು ವರ್ಷದ ನಮ್ಮ ಕನ್ನಡದ ಹುಡುಗ ಟ್ರಾಮ್ ಹಳಿ ದಾಟಬೇಕು ಅಂದ್ರೆ ಹೆದರ್ತಾನೆ. ಐಟಿ ಸಂಬಳದ ಮನೆಯಾದರೆ ಹೊಸ ಸೈಕಲ್ ಬರುತ್ತೆ, ವಾರಾಂತ್ಯ ಅಪ್ಪ ಕಲಿಸ್ತಾನೆ. ಎಲ್ಲ ಮನೆಯಲ್ಲೂ ಹಾಗಾಗಲ್ಲ. ಬಡ ಕುಟುಂಬದ ಮಕ್ಕಳಿಗೆ 2011ರಿಂದ ಇರುವ ಶಿಕ್ಷಣ ನೆರವಿನಲ್ಲಿ ಬಸ್ ಖರ್ಚಿದೆ, ಮಧ್ಯಾಹ್ನದ ಊಟ ಇದೆ, ಪ್ರವಾಸ ಇದೆ. ಸೈಕಲ್ ಅನ್ನೋ ಬಾಬ್ತು ಅದರಲ್ಲಿಲ್ಲ. ಸ್ವಂತ ಸೈಕಲ್ ಇಲ್ಲದ ಮಗು ತರಬೇತಿ ದಿನ ಶಾಲೆಯ ಸೈಕಲ್ಲಿನಲ್ಲಿ ಪಾಸಾಗಿ, ಮಾರನೇ ದಿನದಿಂದ ಮತ್ತೆ ಬಸ್ಸಿಗೆ ಕಾಯುತ್ತೆ.

ಅಮ್ಮನಿಗೆ ಸೈಕಲ್ ಬರದಿದ್ದರೆ ಮಗುವಿನ ಜೊತೆ ಹೋಗೋರೂ ಇಲ್ಲ. ನಮ್ಮ ಕಡೆಯ ಎಷ್ಟೋ ಹೆಂಗಸರು ಕಲಿತೇ ಇಲ್ಲ, ಕಲಿಯಲು ಬಿಟ್ಟಿಲ್ಲ. ಬರ್ಲಿನ್ನಿನಲ್ಲಿ 2015ರಿಂದ 'ಬೈಕಿಗೀಸ್' ಎಂಬ ಸಂಸ್ಥೆ ನಿರಾಶ್ರಿತ ಮಹಿಳೆಯರಿಗೆ ಸೈಕಲ್ ಹೇಳಿಕೊಡುತ್ತಿದೆ. ಆರೋಗ್ಯ ಸಮತೆಯ ಕೆಲಸ ಅಂದರೆ ಹೀಗೂ ಇರುತ್ತೆ.

ಈಗ ಊರಿನ ಕಡೆ ಒಂದು ಸಲ ನೋಡಿ, ಅಳತೆಕೋಲು ಅದೇ ಇರಲಿ. ನಡೆದು ಶಾಲೆಗೆ ಹೋಗೋ ಮಕ್ಕಳ ಲೆಕ್ಕ ತೆಗೆದರೆ ಮಲೆನಾಡು, ಕರಾವಳಿಯ ಹಳ್ಳಿಗಳು ಜರ್ಮನಿಯ ಯಾವ ನಗರಕ್ಕೂ ಕಡಿಮೆ ಇಲ್ಲ. ಅದನ್ನು ಯಾರೂ 'ಸಕ್ರಿಯ ಪ್ರಯಾಣ' ಅಂತ ಹೊಗಳೋದಿಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಹೊಳೆಯ ಪಾಲಾದಳು. ಶಿಕ್ಷಣ ಹಕ್ಕಿನ ನಿಯಮದ ಪ್ರಕಾರ ಐದನೇ ತರಗತಿವರೆಗೆ ಒಂದು ಕಿಲೋಮೀಟರಿನ ಒಳಗೆ ಶಾಲೆ ಇರಬೇಕು. ಆ ಕಿಲೋಮೀಟರಿನ ನಡುವೆ ತುಂಬಿದ ಹೊಳೆ ಇದೆಯೋ ಇಲ್ಲವೋ ಅಂತ ನಿಯಮ ಕೇಳೋದಿಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರಲ್ಲ, ಅವನ್ನು ಎಂಜಿನಿಯರಿಂಗ್ ಅಂತ ನೋಡ್ತೀವಿ. ಮಕ್ಕಳ ಆರೋಗ್ಯದ ಪಟ್ಟಿಯಲ್ಲೂ ಆ ಸೇತುವೆಗಳನ್ನು ಬರೆಯಬೇಕು.

ಸೈಕಲ್ ವಿಷಯದಲ್ಲಿ ಮಾತ್ರ ಕರ್ನಾಟಕ ಜರ್ಮನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿತ್ತು. 2006-07ರಲ್ಲಿ ಎಂಟನೇ ತರಗತಿಯ ಹುಡುಗಿಯರಿಗೆ, ಆಮೇಲೆ ಹುಡುಗರಿಗೂ ಉಚಿತ ಸೈಕಲ್ ಕೊಟ್ಟರು. ನಮ್ಮಲ್ಲೇ ಕೆಲವರು ಆ ಸೈಕಲ್ ತುಳಿದು ಹೈಸ್ಕೂಲು ಮುಗಿಸಿದವರು. ಕೊಟ್ಟ ದಿನವೇ ನಟ್ಟು ಬಿಗಿ ಮಾಡಿಸಿಕೊಳ್ಳಲು ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದದ್ದೂ ನೆನಪಿದೆ. ಅದೇ ಕಾಲಕ್ಕೆ ಬಿಹಾರ ಹೈಸ್ಕೂಲು ಹುಡುಗಿಯರಿಗೆ ಸೈಕಲ್ ಯೋಜನೆ ತಂದಿತು. ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಅವರ ಅಧ್ಯಯನದ ಪ್ರಕಾರ ಅಲ್ಲಿ ಪ್ರೌಢಶಾಲೆಗೆ ಸೇರುವ ಹುಡುಗಿಯರು ಶೇ. 32ರಷ್ಟು ಹೆಚ್ಚಿದರು, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಕುಗ್ಗಿತು. ಕರ್ನಾಟಕದ ಯೋಜನೆ ಕೋವಿಡ್ ಬಂದ ಮೇಲೆ ನಿಂತುಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ ಉಚಿತ, ಒಳ್ಳೆಯದೇ; ಬಸ್ಸೇ ಬಾರದ ಊರಿನಲ್ಲಿ ಟಿಕೆಟ್ ಉಚಿತವಾದರೇನು, ಕಾಲೇ ಗತಿ.

ಥೀಸಿಸ್ ಹುಡುಕುವವರಿಗೆ ಒಂದು ದಾರಿ. ಜರ್ಮನಿಯ ಹಲವು ಊರುಗಳು ಪ್ರತಿ ಶಾಲೆಗೂ 'ಶೂಲ್‌ವೇಗ್‌ಪ್ಲಾನ್' ಅಂತ ದಾರಿಯ ನಕ್ಷೆ ಪ್ರಕಟಿಸುತ್ತವೆ, ಎಲ್ಲಿ ದಾಟಬೇಕು, ಎಲ್ಲಿ ಬೇಡ ಅಂತ ಗುರುತು ಹಾಕಿ. ನಾರ್ತ್ ರೈನ್ ವೆಸ್ಟ್‌ಫಾಲಿಯಾದಲ್ಲಿ ಪ್ರತಿ ಶಾಲೆಗೂ 1ರಿಂದ 9ರವರೆಗೆ ಸಾಮಾಜಿಕ ಸೂಚ್ಯಂಕ ಇದೆ, ಅದೂ ಬಹಿರಂಗ. 1ನೇ ಹಂತದ ಒಂದು ಶಾಲೆ, 8 ಅಥವಾ 9ನೇ ಹಂತದ ಒಂದು ಶಾಲೆ ಆರಿಸಿಕೊಳ್ಳಿ. ಎರಡೂ ನಕ್ಷೆ ಹಿಡಿದು, ಬೆಳಿಗ್ಗೆ ಏಳೂವರೆಗೆ, ಮಗುವಿನ ನಡಿಗೆಯಲ್ಲಿ ಒಂದೊಂದು ಕಿಲೋಮೀಟರ್ ನಡೆಯಿರಿ. ಎಷ್ಟು ಕಡೆ ದಾಟಿದಿರಿ, ಪ್ರತಿ ಸಿಗ್ನಲ್ಲಿನಲ್ಲಿ ಎಷ್ಟು ಸೆಕೆಂಡು ಕಾದಿರಿ, ಹಸಿರು ದೀಪ ನೀವು ಆಚೆ ಬದಿ ಮುಟ್ಟುವವರೆಗೆ ಉರಿದಿತ್ತಾ, ಫುಟ್‌ಪಾತ್ ಮೇಲೆ ಎಷ್ಟು ಕಾರು ನಿಂತಿದ್ದವು, ಬರೆದುಕೊಳ್ಳಿ. ಸ್ವಲ್ಪ ಬಗ್ಗಿ ಕೂಡ ನೋಡಿ. ನಿಲ್ಲಿಸಿದ ಕಾರಿನ ಹಿಂದಿನಿಂದ 1 ಮೀಟರ್ 20 ಸೆಂಟಿಮೀಟರ್ ಎತ್ತರದವರಿಗೆ ರಸ್ತೆ ಕಾಣಿಸೋದೇ ಇಲ್ಲ.